ಡಿಎಂ ಪ್ಲಾಂಟಿನ ಗಾಳಿ ಡಯಾಫ್ರಮ್ ವಾಲ್ವ್: ಒಂದು ಮುಚ್ಚಿದರೂ ಪಾಸಿಂಗ್, ಇನ್ನೊಂದು ಸದಾ ಹಂಟಿಂಗ್

ಕೋಜೆನ್_ಯುಟಿಲಿಟಿ (ಪ್ರಶ್ನೆ)

ಸಕ್ಕರೆ ಕಾರ್ಖಾನೆಯ ಕೋಜೆನ್ (ಹಬೆ, ವಿದ್ಯುತ್ ಎರಡೂ ತಯಾರಿಸುವ ಘಟಕ) ಬಾಯ್ಲರಿಗೆ ನೀರು ಕೊಡುವ ಡಿಎಂ ಪ್ಲಾಂಟ್, ಅಂದರೆ ನೀರಿನ ಲವಣ ತೆಗೆಯುವ ಘಟಕ. ಇಲ್ಲಿನ ಎರಡು ಡಯಾಫ್ರಮ್ ವಾಲ್ವುಗಳ ಬಗ್ಗೆ ಗೊತ್ತಿದ್ದವರು ಹೇಳಿ: ಒಂದು ಪಾಸಿಂಗ್ (ಮುಚ್ಚಿದರೂ ಒಳಗೆ ಸೋರುತ್ತೆ), ಇನ್ನೊಂದು ಹಂಟಿಂಗ್ (ಒಂದೇ ಸಮ ನಿಲ್ಲದೆ ಏರಿಳಿಯುತ್ತೆ). ಎರಡೂ ವೀರ್ ಟೈಪ್ (ಬಾಡಿಯ ತಳದ ದಿಣ್ಣೆಗೆ ಡಯಾಫ್ರಮ್ ಒತ್ತಿ ಮುಚ್ಚುವುದು), ಎರಕದ ಕಬ್ಬಿಣದ ಬಾಡಿ, ಒಳಗೆ ರಬ್ಬರ್ ಲೈನಿಂಗ್.

ಮೊದಲನೆಯದು ಕ್ಯಾಟಯಾನ್ ವೆಸಲ್ಲಿಗೆ (ಲವಣ ಹಿಡಿಯುವ ರೆಸಿನ್ ಮಣಿಗಳ ಪಾತ್ರೆ) ಡೈಲ್ಯೂಟ್ ಆಸಿಡ್ ಹೋಗುವ 50 ಎಂಎಂ ವಾಲ್ವ್. ಬರೀ ಆನ್-ಆಫ್. ಗಾಳಿ ಕೊಟ್ಟರೆ ತೆರೆಯುತ್ತೆ, ಗಾಳಿ ಬಿಟ್ಟರೆ ಸ್ಪ್ರಿಂಗ್ ಮುಚ್ಚುತ್ತೆ. ರೀಜನರೇಷನ್ (ರೆಸಿನ್ ಮತ್ತೆ ಕೆಲಸಕ್ಕೆ ಬರುವಂತೆ ಆಸಿಡ್ ಹಾಯಿಸುವ) ಹೊತ್ತಲ್ಲಿ ಇಜೆಕ್ಟರಿನಿಂದ (ನೀರಿನ ರಭಸದಿಂದ ಆಸಿಡ್ ಎಳೆದು ಬೆರೆಸುವ ಸಾಧನ) ಸುಮಾರು 5% ಹೈಡ್ರೋಕ್ಲೋರಿಕ್ ಆಸಿಡ್ ಇದರಲ್ಲಿ ಹೋಗುತ್ತೆ. ಸರ್ವೀಸಿನಲ್ಲಿ, ಅಂದರೆ ನೀರು ಶುದ್ಧ ಮಾಡುವಾಗ, ವೆಸಲ್ ಒತ್ತಡ 3.8 ಬಾರ್. ಹಳೆಯ ಬ್ಯೂಟೈಲ್ ರಬ್ಬರ್ ಡಯಾಫ್ರಮ್ ಬಿರುಕು ಬಿಟ್ಟಿದ್ದರಿಂದ ಸ್ಟೋರಿನಲ್ಲಿದ್ದ ಪಿಟಿಎಫ್‌ಇ (ಟೆಫ್ಲಾನ್) ಮುಖದ, ಇಪಿಡಿಎಂ ರಬ್ಬರ್ ಬೆನ್ನಿನ ಡಯಾಫ್ರಮ್ ಹಾಕಿದ್ದಾರೆ. ಅಲ್ಲಿಂದ ಶುರುವಾಗಿದೆ: ಸರ್ವೀಸಿನಲ್ಲಿ ನೀರು ಹಿಂದಕ್ಕೆ ಪಾಸಾಗಿ, ಇಜೆಕ್ಟರ್ ದಾಟಿ, ಆಸಿಡ್ ಮೆಷರಿಂಗ್ ಟ್ಯಾಂಕಿನ ಲೆವೆಲ್ ಏರುತ್ತಿದೆ. ಸಕ್ಷನ್ ಎನ್‌ಆರ್‌ವಿ (ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಕೂಡ ಹಿಡಿಯುತ್ತಿಲ್ಲ. ಆಸಿಡ್ ತೆಳುವಾಗಿ ರೀಜನರೇಷನ್ ಅರ್ಧಂಬರ್ಧ. ಬಾನೆಟ್ (ಬಾಡಿಯ ಮೇಲ್ಮುಚ್ಚಳ) ಬೋಲ್ಟ್ ಮತ್ತೆ ಬಿಗಿ ಮಾಡಿದರೂ ಅಷ್ಟೇ. ಸೊಲೆನಾಯ್ಡಿಗೆ (ಗಾಳಿ ಕೊಡುವ, ಬಿಡುವ ವಿದ್ಯುತ್ ವಾಲ್ವ್) ಬರುವ ಗಾಳಿ 5 ಬಾರ್.

ಎರಡನೆಯದು ಡಿಏರೇಟರಿಗೆ (ಬಾಯ್ಲರ್ ನೀರಿನಲ್ಲಿ ಕರಗಿದ ಗಾಳಿ ತೆಗೆಯುವ ಪಾತ್ರೆ) ಮೇಕಪ್ ನೀರು, ಅಂದರೆ ಕಡಿಮೆಯಾದಷ್ಟು ತುಂಬುವ ನೀರು, ಹೋಗುವ ಲೈನಿನಲ್ಲಿ. 80 ಎಂಎಂ ವಾಲ್ವ್, ಮೇಲೆ 4–20 ಎಂಎ ಪೊಸಿಷನರ್ (ಸಿಗ್ನಲ್ಲಿಗೆ ತಕ್ಕಷ್ಟು ವಾಲ್ವ್ ತೆರೆಸುವ ಸಾಧನ), ಡಿಏರೇಟರ್ ಲೆವೆಲ್ ಲೂಪಿನಿಂದ (ಮಟ್ಟ ಅಳೆದು ತಾನಾಗಿ ಸರಿಪಡಿಸುವ ನಿಯಂತ್ರಣ) ಸಿಗ್ನಲ್. ಬೇಕಾದ ಹರಿವು ಗಂಟೆಗೆ 6ರಿಂದ 20 ಘನ ಮೀಟರ್, ಹೆಚ್ಚಿನ ಹೊತ್ತು 14. ವಾಲ್ವಿನ ಮುಂಚೆ 4.5 ಬಾರ್, ನಂತರ 2.3 ಬಾರ್. ಹರಿವು ಒಂದೇ ಸಮ ನಿಲ್ಲೋದೇ ಇಲ್ಲ, 5ಕ್ಕೆ ಇಳಿದು 25ಕ್ಕೆ ಹಾರುತ್ತೆ. ಪೊಸಿಷನರ್ ಬದಲಾಯಿಸಿದರೆ ಸರಿಹೋಗುತ್ತಾ, ಅಥವಾ ವಾಲ್ವೇ ತಪ್ಪಾ?

---

ವಾಲ್ವ್_ಬೆಂಚ್

50 ಎಂಎಂ ಬಗ್ಗೆ ಮಾತ್ರ ಹೇಳ್ತೀನಿ, ಇನ್ನೊಂದನ್ನು ಲೂಪ್ ನೋಡುವವರು ಹೇಳಲಿ.

ನಿಮ್ಮ ವಾಲ್ವಿನಲ್ಲಿ ಡಯಾಫ್ರಮ್ ಎರಡಿವೆ, ಅದನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ಕೆಳಗಿನದು ಬಾಡಿ ಮತ್ತು ಬಾನೆಟ್ ನಡುವೆ ಸಿಕ್ಕಿಕೊಂಡು ಆಸಿಡ್ ಮುಟ್ಟುವುದು. ಮೇಲಿನದು ಆಕ್ಚುಯೇಟರಿನ (ಗಾಳಿಯಿಂದ ವಾಲ್ವ್ ಆಡಿಸುವ ಭಾಗ) ಎರಡು ಬಟ್ಟಲುಗಳ ನಡುವೆ ಇರುವ, ಬಟ್ಟೆ ಹೆಣೆದ ರಬ್ಬರ್; ಅದು ಗಾಳಿ ಮಾತ್ರ ಮುಟ್ಟುತ್ತೆ. ಕೆಲವು ಮೇಕಿನಲ್ಲಿ ಮೇಲೆ ಪಿಸ್ಟನ್ ಇರುತ್ತೆ. ಇಂಡೆಂಟಿನಲ್ಲಿ (ಖರೀದಿ ಬೇಡಿಕೆ ಪತ್ರ) ‘50 ಎಂಎಂ ಡಯಾಫ್ರಮ್’ ಅಂತಷ್ಟೇ ಬರೆದರೆ ಯಾವುದು ಬಂದೀತು ಅಂತ ದೇವರೇ ಬಲ್ಲ.

ಬಾಡಿಯ ತಳ ನಡುವೆ ದಿಣ್ಣೆಯಾಗಿ ಎದ್ದಿರುತ್ತೆ, ಅದೇ ವೀರ್. ಸ್ಪಿಂಡಲ್ಲಿನ ತುದಿಯ ಒತ್ತುಬಿಲ್ಲೆ ಡಯಾಫ್ರಮನ್ನು ಆ ದಿಣ್ಣೆಯ ಮೇಲೆ ಒತ್ತಿದರೆ ದಾರಿ ಬಂದ್, ಎತ್ತಿದಷ್ಟು ಸಂದು. ಸ್ಪಿಂಡಲ್ ದ್ರವಕ್ಕೆ ಸೋಕುವುದೇ ಇಲ್ಲ, ಗ್ಲ್ಯಾಂಡ್ ಪ್ಯಾಕಿಂಗ್ ಬೇಕಿಲ್ಲ. ಆಸಿಡ್ಡಿಗೆ ಇದನ್ನೇ ಹಾಕುವುದು ಅದಕ್ಕೇ. 1920ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಗ್ಲ್ಯಾಂಡುಗಳಿಂದ ಸೋರಿಹೋಗುತ್ತಿದ್ದ ಕಂಪ್ರೆಸ್ಡ್ ಏರ್ ಉಳಿಸಲು ಸಾಂಡರ್ಸ್ ಎಂಬ ಎಂಜಿನಿಯರ್ ಹುಡುಕಿದ ವಿನ್ಯಾಸ ಇದು. ಹಳಬರು ಇವತ್ತಿಗೂ ಸಾಂಡರ್ಸ್ ವಾಲ್ವ್ ಅಂತಲೇ ಕೇಳೋದು.

ಈಗ ಬಲದ ಲೆಕ್ಕ. ಮುಚ್ಚಿದಾಗ ಮೇಲಿಂದ ಒತ್ತುವುದು ಸ್ಪ್ರಿಂಗ್ ಒಂದೇ. ಕೆಳಗಿಂದ ಮೇಲಕ್ಕೆ ತಳ್ಳುವುದು ಲೈನ್ ಒತ್ತಡ. 50 ಎಂಎಂ ಡಯಾಫ್ರಮಿನ ಒತ್ತಡ ಬೀಳುವ ವಿಸ್ತೀರ್ಣ 50 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. 1 ಬಾರ್ ಅಂದರೆ ಚದರ ಸೆಂಟಿಮೀಟರಿಗೆ 10 ನ್ಯೂಟನ್. 3.8 ಬಾರ್ ಎರಡೂ ಬದಿಯಲ್ಲಿದ್ದರೆ 1,900 ನ್ಯೂಟನ್ ಮೇಲಕ್ಕೆ. ಒಂದು ಬದಿಯಲ್ಲಿ ಮಾತ್ರ ಒತ್ತಡ, ಇನ್ನೊಂದು ಬದಿ ಖಾಲಿ ಅಂದರೆ ಅರ್ಧ ಡಯಾಫ್ರಮಿಗೆ ಮಾತ್ರ ತಳ್ಳು, ಸುಮಾರು 950. ಕ್ಯಾಟಲಾಗಿನಲ್ಲಿ ಒಂದೇ ಆಕ್ಚುಯೇಟರಿಗೆ ಎರಡು ಒತ್ತಡ ಮಿತಿ ಕೊಟ್ಟಿರುವುದು ಇದೇ ಕಾರಣಕ್ಕೆ. ಬಹಳ ಜನ ದೊಡ್ಡ ಸಂಖ್ಯೆ ಮಾತ್ರ ನೋಡಿ ಆರ್ಡರ್ ಮಾಡ್ತಾರೆ. ನಿಮ್ಮಲ್ಲಿ ಎನ್‌ಆರ್‌ವಿ ಸರಿಯಾಗಿ ಹಿಡಿಯಲು ಶುರುಮಾಡಿದರೆ, ಅಲ್ಪಸ್ವಲ್ಪ ಪಾಸಿಂಗಿನಿಂದಲೇ ಎರಡೂ ಬದಿ ಒತ್ತಡ ತುಂಬಿಕೊಳ್ಳುತ್ತೆ, ಆಗ ಸ್ಪ್ರಿಂಗಿಗೆ ಕಷ್ಟದ ಸ್ಥಿತಿ ಬರುತ್ತೆ. ಗಮನದಲ್ಲಿರಲಿ.

ಲೈನ್ ಒತ್ತಡ ಗೆದ್ದ ಮೇಲೆ ಉಳಿದ ಬಲ ಡಯಾಫ್ರಮನ್ನು ವೀರ್ ಉದ್ದಕ್ಕೂ ಅದುಮಬೇಕು. ಮೆತ್ತನೆ ಬ್ಯೂಟೈಲ್ ಸ್ವಲ್ಪಕ್ಕೇ ಕೂತುಕೊಳ್ಳುತ್ತೆ, ಲೈನಿಂಗಿನ ಸಣ್ಣ ಗೀರನ್ನೂ ಮುಚ್ಚುತ್ತೆ. ಪಿಟಿಎಫ್‌ಇ ಗಟ್ಟಿ, ಹೆಚ್ಚು ಬಲ ಕೇಳುತ್ತೆ, ಗೀರಿದ್ದರೆ ಸೇತುವೆ ಕಟ್ಟಿದಂತೆ ಮೇಲೇ ನಿಲ್ಲುತ್ತೆ. ತಯಾರಕರ ಪಟ್ಟಿಯಲ್ಲಿ ರಬ್ಬರಿಗೆ ಬೇರೆ, ಪಿಟಿಎಫ್‌ಇಗೆ ಬೇರೆ ಕಾಲಂ ಇರುತ್ತೆ. ಪಿಟಿಎಫ್‌ಇ ಕಾಲಮ್ಮಿನ ಮಿತಿ ಯಾವಾಗಲೂ ಕಡಿಮೆ. ನನ್ನ ಮೊದಲ ಅನುಮಾನ ಇಲ್ಲೇ.

ಆದರೂ ವಾಲ್ವ್ ಬಿಚ್ಚುವ ಮುಂಚೆ ಇಷ್ಟು ನೋಡಿ.

ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಆಕ್ಚುಯೇಟರಿಗೆ ಬರುವ ಗಾಳಿ ಟ್ಯೂಬನ್ನು ಕಳಚಿ. ಪಾಸಿಂಗ್ ನಿಂತರೆ ತಪ್ಪು ವಾಲ್ವಿನದಲ್ಲ, ಸೊಲೆನಾಯ್ಡಿನದು; ಕಡಿಮೆಯಾದರೆ ಸೊಲೆನಾಯ್ಡಿನ ಪಾಲೂ ಇದೆ. 3/2 ಸೊಲೆನಾಯ್ಡಿನ (ಮೂರು ದ್ವಾರ, ಎರಡು ಸ್ಥಿತಿ) ಎಕ್ಸಾಸ್ಟ್, ಅಂದರೆ ಗಾಳಿ ಹೊರಬಿಡುವ ತೂತು, ಕಟ್ಟಿಕೊಂಡಿದ್ದರೆ ಅಥವಾ ಒಳಸೀಟ್ ಸೋರುತ್ತಿದ್ದರೆ ಬಟ್ಟಲಲ್ಲಿ ಸ್ವಲ್ಪ ಗಾಳಿ ಉಳಿದುಬಿಡುತ್ತೆ. ಆಕ್ಚುಯೇಟರ್ ವಿಸ್ತೀರ್ಣ 150 ಚದರ ಸೆಂಟಿಮೀಟರ್ ಇದ್ದರೆ ಬರೀ 0.4 ಬಾರ್ ಉಳಿಕೆಗೆ 600 ನ್ಯೂಟನ್ ಸ್ಪ್ರಿಂಗ್ ಬಲ ಹೋಯಿತು. ಸಕ್ಕರೆ ಕಾರ್ಖಾನೆ ಅಂದಿರಿ. ಸೈಲೆನ್ಸರಿನಲ್ಲಿ ಬಗಾಸ್ (ಕಬ್ಬಿನ ಸಿಪ್ಪೆ) ಧೂಳು, ಸೈಲೆನ್ಸರ್ ಇಲ್ಲದಿದ್ದರೆ ತೂತಿನಲ್ಲಿ ಕಣಜದ ಮಣ್ಣುಗೂಡು, ಎರಡೂ ಮಾಮೂಲು.

ಮೇಲೆ ಹ್ಯಾಂಡ್‌ವೀಲ್ ಅಥವಾ ಸ್ಟ್ರೋಕ್ ಮಿತಿಯ ಸ್ಕ್ರೂ ಇದ್ದರೆ, ಅದು ಪೂರ್ತಿ ಹಿಂದಕ್ಕೆ ಹೋಗಿದೆಯಾ ನೋಡಿ. ಅರ್ಧ ಸುತ್ತು ಉಳಿದಿದ್ದರೂ ವಾಲ್ವ್ ಪೂರ್ತಿ ಕೂರೋದಿಲ್ಲ.

ಬಾನೆಟ್ಟಿನ ಪಕ್ಕದ ಸಣ್ಣ ತೂತಿನಿಂದ ಆಸಿಡ್ ಜಿನುಗಿದರೆ ಕೆಳ ಡಯಾಫ್ರಮ್ ಹರಿದಿದೆ. ಗಾಳಿ ಕೊಟ್ಟಾಗ ಆಕ್ಚುಯೇಟರಿನ ಸ್ಪ್ರಿಂಗ್ ಬದಿಯ ಉಸಿರುತೂತಿನಿಂದ ಸುಯ್ಯೆಂದರೆ ಮೇಲಿನದು ಹರಿದಿದೆ. ಬಾನೆಟ್ ತೂತಿನಿಂದಲೇ ಗಾಳಿ ಬಂದರೆ ಸ್ಪಿಂಡಲ್ ಓ-ರಿಂಗ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿ ‘ಲೀಕ್ ನಿಲ್ಲಿಸಿದ’ ವಾಲ್ವುಗಳನ್ನು ಎಲ್ಲ ಪ್ಲಾಂಟಿನಲ್ಲೂ ಕಾಣಬಹುದು. ದಯವಿಟ್ಟು ಬೇಡ, ಆಸಿಡ್ ಒಳಗೇ ನಿಂತು ಸ್ಪಿಂಡಲ್ ತಿನ್ನುತ್ತೆ.

ಬಿಚ್ಚಿದಾಗ ಒತ್ತುಬಿಲ್ಲೆ ನೋಡಿ. ರಬ್ಬರ್ ಡಯಾಫ್ರಮಿನ ಬಿಲ್ಲೆಯೂ ಪಿಟಿಎಫ್‌ಇಯ ಬಿಲ್ಲೆಯೂ ಎಷ್ಟೋ ಮೇಕಿನಲ್ಲಿ ಬೇರೆ. ಒಂದು ಥ್ರೆಡ್, ಇನ್ನೊಂದು 90 ಡಿಗ್ರಿ ತಿರುಗಿಸಿ ಸಿಕ್ಕಿಸುವ ಬಯೊನೆಟ್. ಸ್ಟಡ್ ಹೇಗೋ ಹಿಡಿಯಿತು ಅಂತ ಹಾಕಿದರೆ ಬಿಲ್ಲೆ ಡಯಾಫ್ರಮಿನ ಬೆನ್ನಿಗೆ ಪೂರ್ತಿ ತಾಗೋದಿಲ್ಲ, ನಡುವೆ ಮಾತ್ರ ಒತ್ತುತ್ತೆ, ಎರಡು ತುದಿಯಲ್ಲಿ ಪಾಸಿಂಗ್.

---

ರಬ್ಬರ್_ಲೈನಿಂಗ್

ವಾಲ್ವ್_ಬೆಂಚ್ ಅವರು ಹೇಳಿದ್ದೆಲ್ಲ ಸರಿ, ಆದರೆ ಮೂಲ ಪ್ರಶ್ನೆ ಯಾರೂ ಕೇಳಲಿಲ್ಲ: 5% ಆಸಿಡ್ಡಿಗೆ, ಮಾಮೂಲು ಉಷ್ಣತೆಗೆ, ಪಿಟಿಎಫ್‌ಇ ಯಾಕೆ ಬೇಕು? ದುಬಾರಿ ಅಂದರೆ ಒಳ್ಳೆಯದು ಅನ್ನುವ ಭಾವನೆ ಬಿಟ್ಟರೆ ಬೇರೆ ಕಾರಣ ಇಲ್ಲ. ಬ್ಯೂಟೈಲ್ ಅಥವಾ ಇಪಿಡಿಎಂ ಇಲ್ಲಿ ಧಾರಾಳ ಸಾಕು.

ಪಿಟಿಎಫ್‌ಇಗೆ ಆಸಿಡ್ ಏನೂ ಮಾಡಲ್ಲ, ನಿಜ. ಆದರೆ 30% ಆಸಿಡ್ ಸ್ಟೋರೇಜ್ ಲೈನಿನಂಥ ಕಡೆ ಆವಿ ಪಿಟಿಎಫ್‌ಇ ಮೂಲಕ ಮೆಲ್ಲಗೆ ತೂರಿಹೋಗುತ್ತೆ. ಹಿಂದಿನ ಇಪಿಡಿಎಂ ಬೆನ್ನು, ಸ್ಟಡ್, ಒತ್ತುಬಿಲ್ಲೆ ತುಕ್ಕು ಹಿಡಿಯುತ್ತವೆ. ಮುಖ ಹೊಸದರಂತೆ ಕಾಣುತ್ತೆ, ಬಿಚ್ಚಿದರೆ ಸ್ಟಡ್ ಕೈಗೇ ಬರುತ್ತೆ. ಜೊತೆಗೆ ಪಿಟಿಎಫ್‌ಇ ಒತ್ತಡದಡಿ ನಿಧಾನಕ್ಕೆ ಹರಡಿಕೊಂಡು ತೆಳುವಾಗುತ್ತೆ, ರಬ್ಬರಿನಂತೆ ವಾಪಸ್ ಪುಟಿಯಲ್ಲ. ಅದಕ್ಕೇ ಹಾಕಿದ 24 ಗಂಟೆ ನಂತರ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಬೇಕು. ಬಿಸಿ ಲೈನಾದರೆ ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ.

ಡಿಎಂ ಪ್ಲಾಂಟಿನಲ್ಲಿ ಯಾವುದಕ್ಕೆ ಯಾವುದು ಅಂತ ಒಟ್ಟಿಗೇ ಹೇಳಿಬಿಡ್ತೀನಿ. ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್ ಕ್ಷಾರ) ಲೈನಿಗೆ, 48% ಇರಲಿ 5% ಇರಲಿ, ಇಪಿಡಿಎಂ ಅಥವಾ ಬ್ಯೂಟೈಲ್. ಅಲ್ಲಿ ವೈಟಾನ್ (ಫ್ಲೋರಿನ್ ಇರುವ ರಬ್ಬರ್) ಹಾಕಬೇಡಿ; ವೈಟಾನ್ ಆಸಿಡ್ಡಿಗೂ ಎಣ್ಣೆಗೂ ಗಟ್ಟಿ, ಬಲವಾದ ಕ್ಷಾರಕ್ಕೆ ಸೀಳುತ್ತೆ. 98% ಸಲ್ಫ್ಯೂರಿಕ್ ಇರುವ ಪ್ಲಾಂಟಾದರೆ ನೈಸರ್ಗಿಕ ರಬ್ಬರನ್ನು ಹತ್ತಿರ ಬಿಡಬೇಡಿ, ಅಲ್ಲಿ ವೈಟಾನ್ ಅಥವಾ ಪಿಟಿಎಫ್‌ಇ. ಹೈಪೋಕ್ಲೋರೈಟ್ ಡೋಸಿಂಗಿಗೆ ಪಿಟಿಎಫ್‌ಇ ಮುಖ. ಎಣ್ಣೆ ಬೆರೆಯುವ ಸಾಧ್ಯತೆ ಇರುವ ಕಂಡೆನ್ಸೇಟ್ ಲೈನಿನಲ್ಲಿ ಇಪಿಡಿಎಂ ಊದಿಕೊಳ್ಳುತ್ತೆ. ರೆಸಿನ್ ಹೋಗುವ ಅಥವಾ ಕೆಸರು ನೀರಿನ ಲೈನಿಗೆ ವೀರ್ ಬಿಟ್ಟು ನೇರದಾರಿಯ ಬಾಡಿ ತಗೊಳ್ಳಿ. ಅದರ ಸ್ಟ್ರೋಕ್ ಉದ್ದ, ಡಯಾಫ್ರಮ್ ಹೆಚ್ಚು ಮಡಚುತ್ತೆ, ಹಾಗಾಗಿ ಮೆತ್ತನೆ ರಬ್ಬರೇ ಬೇಕು.

ಡಯಾಫ್ರಮಿನ ಅಂಚಿನ ನಾಲಗೆಯ ಮೇಲೆ ಗ್ರೇಡ್ ಮತ್ತು ಅಚ್ಚು ಹಾಕಿದ ತಿಂಗಳು, ವರ್ಷ ಇರುತ್ತೆ. ತಗೊಳ್ಳುವಾಗ ಅದನ್ನು ಓದಿ. ಕಿಟಕಿ ಪಕ್ಕ ಬಿಸಿಲಿಗೆ, ಮೋಟಾರ್ ಪಕ್ಕ, ತಂತಿಗೆ ಪೋಣಿಸಿ ನೇತುಹಾಕಿದ ರಬ್ಬರ್ ಹಾಕುವ ಮುಂಚೆಯೇ ಹಳೆಯದು.

ಇನ್ನೊಂದು. ಪಾಸಿಂಗ್ ಅಂದ ಕೂಡಲೇ ಡಯಾಫ್ರಮ್ ಬೈಯ್ಯುತ್ತಾರೆ, ವೀರ್ ಮೇಲಿನ ಲೈನಿಂಗ್ ನೋಡುವವರಿಲ್ಲ. ಬ್ಯಾಟರಿ ಹಿಡಿದು ದಿಣ್ಣೆಯ ನೆತ್ತಿ ನೋಡಿ, ಉಗುರಿನಿಂದ ಸವರಿ. ಉಬ್ಬಿದ್ದರೆ, ಚಕ್ಕೆ ಎದ್ದಿದ್ದರೆ ಅದರ ಕೆಳಗೆ ಆಸಿಡ್ ಕಬ್ಬಿಣ ತಿನ್ನುತ್ತಿದೆ ಅಂತಲೇ ಅರ್ಥ. ಅನುಮಾನವಿದ್ದರೆ ಸ್ಪಾರ್ಕ್ ಟೆಸ್ಟ್ (ಲೈನಿಂಗಿನ ತೂತನ್ನು ವಿದ್ಯುತ್ ಕಿಡಿಯಿಂದ ಪತ್ತೆ ಮಾಡುವುದು) ಮಾಡಿಸಿ. ಅಂಥ ಬಾಡಿಗೆ ಯಾವ ಡಯಾಫ್ರಮ್ ಹಾಕಿದರೂ ಪಾಸಿಂಗ್ ನಿಲ್ಲಲ್ಲ.

---

ಲೂಪ್_ಟ್ಯೂನಿಂಗ್

80 ಎಂಎಂ ವಾಲ್ವಿಗೆ ಬರೋಣ. ಪೊಸಿಷನರ್ ಬದಲಾಯಿಸಬೇಡಿ, ದುಡ್ಡು ದಂಡ. ವಾಲ್ವ್ ದೊಡ್ಡದಾಯಿತು.

ಕೆವಿ ಅಂದರೆ 1 ಬಾರ್ ಒತ್ತಡ ಇಳಿತಕ್ಕೆ ಗಂಟೆಗೆ ಎಷ್ಟು ಘನ ಮೀಟರ್ ನೀರು ಹೋಗುತ್ತೆ ಅನ್ನೋದು. ನೀರಿಗೆ ಬೇಕಾದ ಕೆವಿ = ಹರಿವು ÷ ಒತ್ತಡ ಇಳಿತದ ವರ್ಗಮೂಲ. ನಿಮ್ಮ ಇಳಿತ 4.5ರಲ್ಲಿ 2.3 ಕಳೆದರೆ 2.2 ಬಾರ್, ವರ್ಗಮೂಲ 1.48. ಹರಿವು 14ಕ್ಕೆ ಬೇಕಾದ ಕೆವಿ 9.4. ಹರಿವು 20 ಆದಾಗ ಇಳಿತ 2 ಬಾರಿಗೆ ತಗ್ಗಿತು ಅಂದುಕೊಂಡರೂ 14. ಹರಿವು 6ಕ್ಕೆ, ಇಳಿತ 2.4 ಅಂತ ಹಿಡಿದರೆ, 4ಕ್ಕಿಂತ ಸ್ವಲ್ಪ ಕಡಿಮೆ.

80 ಎಂಎಂ ವೀರ್ ವಾಲ್ವಿನ ಪೂರ್ತಿ ಕೆವಿ ಸಾಮಾನ್ಯವಾಗಿ 100ರ ಆಸುಪಾಸು. ಅಂದರೆ ನಿಮ್ಮ ಇಡೀ ಕೆಲಸ 4%ರಿಂದ 14% ಸಾಮರ್ಥ್ಯದೊಳಗೆ ಮುಗಿಯುತ್ತೆ. ಮೇಲಾಗಿ ವೀರ್ ವಾಲ್ವಿನ ಗುಣ ಸರಳರೇಖೆಯಲ್ಲ. ಮೊದಲ ಅರ್ಧ ಸ್ಟ್ರೋಕಿನಲ್ಲೇ ಹರಿವಿನ ಬಹುಪಾಲು ಬಂದುಬಿಡುತ್ತೆ, ಉಳಿದರ್ಧಕ್ಕೆ ಅಂಥ ಬದಲಾವಣೆ ಇಲ್ಲ. ಹಾಗಾಗಿ ನಿಮ್ಮ ವಾಲ್ವ್ ಆಡುತ್ತಿರುವುದು ವೀರ್ ಮೇಲೆ ಒಂದೆರಡು ಮಿಲಿಮೀಟರ್ ಎತ್ತರದಲ್ಲಿ. ಅಲ್ಲಿ ರಬ್ಬರಿನ ಹಿಂಜರಿತ, ಸ್ಪಿಂಡಲ್ಲಿನ ಹಿಡಿತ ಎಲ್ಲ ಸೇರಿ ಪೊಸಿಷನರ್ 1% ಸರಿಸಿದರೆ ಹರಿವು ಎಲ್ಲೆಲ್ಲೋ ಹೋಗುತ್ತೆ. ಕೊಳಾಯಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹನಿ ಎಣಿಸಿ ನೀರು ಬಿಡಲು ಹೊರಟ ಹಾಗೆ.

ಪೈಪ್ 80 ಎಂಎಂ ಇದೆ, ವಾಲ್ವೂ 80 ಇರಲಿ ಅಂತ ಕೊಂಡಿರಬೇಕು. ಆ ಪೈಪಿನಲ್ಲಿ 14 ಘನ ಮೀಟರಿಗೆ ವೇಗ ಸೆಕೆಂಡಿಗೆ 0.8 ಮೀಟರ್ ಕೂಡ ಇಲ್ಲ. ಪೈಪಿಗೆ ಅದು ಸರಿ, ಕಂಟ್ರೋಲ್ ವಾಲ್ವಿಗೆ ಅಲ್ಲ.

ಇದನ್ನು ಖಾತ್ರಿ ಮಾಡಿಕೊಳ್ಳಲು: ಲೂಪನ್ನು ಮ್ಯಾನ್ಯುಯಲ್ಲಿಗೆ ಹಾಕಿ, ಈಗ ಸರಾಸರಿ ಎಷ್ಟು ಔಟ್‌ಪುಟ್ ಇದೆಯೋ ಅಲ್ಲೇ ನಿಲ್ಲಿಸಿ. ಸ್ಪಿಂಡಲ್ ಸೂಚಿಯೂ ಹರಿವೂ ಸ್ಥಿರವಾಗಿ ನಿಂತರೆ ಗಾಳಿ ಮತ್ತು ಪೊಸಿಷನರ್ ಸರಿಯಿವೆ, ಕುಣಿಸುತ್ತಿರುವುದು ಲೂಪ್. ಸಿಗ್ನಲ್ ಒಂದೇ ಇದ್ದೂ ಸ್ಪಿಂಡಲ್ ತಾನಾಗಿ ಮೇಲೆ ಕೆಳಗೆ ಆಡಿದರೆ ಫೀಡ್‌ಬ್ಯಾಕ್ ತೋಳಿನ ಪಿನ್ ಸಡಿಲವಿದೆ, ಅಥವಾ ಪೊಸಿಷನರ್ ಮತ್ತು ಆಕ್ಚುಯೇಟರ್ ನಡುವಿನ ಟ್ಯೂಬ್ ಸೋರುತ್ತಿದೆ, ಅಥವಾ ಪೊಸಿಷನರ್ ಗೇನ್ ಜಾಸ್ತಿ. ಸ್ಪಿಂಡಲ್ ನಿಂತು ಹರಿವು ಮಾತ್ರ ಆಡಿದರೆ ಡಯಾಫ್ರಮ್ ಪಟಪಟ ಹೊಡೆದುಕೊಳ್ಳುತ್ತಿದೆ ಅಥವಾ ಸ್ಟಡ್ ಕಿತ್ತು ಬಿಲ್ಲೆಯಿಂದ ಬೇರೆಯಾಗಿದೆ.

ಪೊಸಿಷನರ್ ಮೆನುವಿನಲ್ಲಿ ಟೈಟ್ ಷಟ್-ಆಫ್ ಸೆಟ್ಟಿಂಗ್ ನೋಡಿ. ಸಿಗ್ನಲ್ ಇಂತಿಷ್ಟಕ್ಕಿಂತ ಇಳಿದರೆ ಗಾಳಿ ಪೂರ್ತಿ ಬಿಟ್ಟು ವಾಲ್ವ್ ಅದುಮಿ ಮುಚ್ಚುವ ಸೌಲಭ್ಯ. ಆನ್-ಆಫ್ ಕೆಲಸಕ್ಕೆ ಬಹಳ ಒಳ್ಳೆಯದು. ಆದರೆ ಅದು 5% ಅಂತಿದ್ದು ನಿಮ್ಮ ವಾಲ್ವ್ 6%ನಲ್ಲಿ ಕೆಲಸ ಮಾಡುತ್ತಿದ್ದರೆ, ಲೂಪ್ ಸ್ವಲ್ಪ ಇಳಿಸಿದ ಕೂಡಲೇ ಪೂರ್ತಿ ಬಂದ್, ಲೆವೆಲ್ ಇಳಿಯುತ್ತೆ, ಮತ್ತೆ ಜಿಗಿದು ತೆರೆಯುತ್ತೆ. ಹರಿವು 5ಕ್ಕೆ ಬಿದ್ದು 25ಕ್ಕೆ ಹಾರುವ ನಿಮ್ಮ ವರ್ಣನೆ ಕೇಳಿದರೆ ಇದೂ ಸೇರಿಕೊಂಡಿರಬಹುದು. 1%ಗೆ ಇಳಿಸಿ ಅಥವಾ ಆಫ್ ಮಾಡಿ ನೋಡಿ.

ತಾತ್ಕಾಲಿಕವಾಗಿ ವಾಲ್ವಿನ ಮುಂದಿನ ಕೈ ವಾಲ್ವನ್ನು ಸ್ವಲ್ಪ ಮುಚ್ಚಿ ಹಿಡಿಯಿರಿ. ಒತ್ತಡ ಇಳಿತದ ಭಾಗ ಅದು ಹೊತ್ತರೆ ಕಂಟ್ರೋಲ್ ವಾಲ್ವಿಗೆ 0.5 ಬಾರ್ ಉಳಿಯುತ್ತೆ, ಆಗ ಬೇಕಾದ ಕೆವಿ 14 ÷ 0.71, ಅಂದರೆ ಸುಮಾರು 20. ವಾಲ್ವ್ ಎರಡರಷ್ಟು ತೆರೆದು ಕೆಲಸ ಮಾಡುತ್ತೆ, ಹಂಟಿಂಗ್ ತಗ್ಗುತ್ತೆ. ಆದರೆ ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದಾಗ 20 ಘನ ಮೀಟರ್ ಸಿಗುತ್ತಾ ಅಂತ ಮೊದಲೇ ಪರೀಕ್ಷಿಸಿ, ಕೈ ವಾಲ್ವಿಗೆ ಟ್ಯಾಗ್ ಹಾಕಿ. ಇಲ್ಲದಿದ್ದರೆ ರಾತ್ರಿ ಪಾಳಿಯವರು ಪೂರ್ತಿ ತೆರೆದುಬಿಡ್ತಾರೆ.

ಶಾಶ್ವತ ಪರಿಹಾರಕ್ಕೆ ಕೆವಿ 25ರಿಂದ 30 ಇರುವ ವಾಲ್ವ್ ತಗೊಂಡು ಎರಡು ಕಡೆ ರೆಡ್ಯೂಸರ್ ಹಾಕಿ. ಸಾಮಾನ್ಯವಾಗಿ ಅದು 32 ಅಥವಾ 40 ಎಂಎಂ. ಮೇಕಿನ ಪಟ್ಟಿ ನೋಡಿ ನಿರ್ಧರಿಸಿ. ಆಗ 14 ಘನ ಮೀಟರಿಗೆ ಸಾಮರ್ಥ್ಯದ ಮೂರನೇ ಒಂದು ಭಾಗ, 20ಕ್ಕೆ ಅರ್ಧ. 40 ಎಂಎಂನಲ್ಲಿ ವೇಗ ಸೆಕೆಂಡಿಗೆ 3 ಮೀಟರ್ ದಾಟುತ್ತೆ, ಶುದ್ಧ ನೀರಿಗೆ ಆ ಚಿಕ್ಕ ದೂರದಲ್ಲಿ ತೊಂದರೆಯಿಲ್ಲ. ಒತ್ತುಬಿಲ್ಲೆಯನ್ನೇ ಎರಡು ತುಂಡು ಮಾಡಿ, ಮೊದಲು ನಡುವಿನದು ಮಾತ್ರ ಎದ್ದು ಸಣ್ಣ ಹರಿವು ಬಿಡುವ ಡ್ಯುಯಲ್ ರೇಂಜ್ ವಾಲ್ವೂ ಇದೆ, ಆದರೆ ಬಿಡಿಭಾಗ ಸಿಗೋದು ಕಷ್ಟ.

ನನ್ನ ಮಟ್ಟಿಗೆ ಹೇಳುವುದಾದರೆ ಇಲ್ಲಿ ಡಯಾಫ್ರಮ್ ವಾಲ್ವೇ ಬೇಡ. ಶುದ್ಧ ಡಿಎಂ ನೀರು, ಆಸಿಡ್ ಇಲ್ಲ, ಕೆಸರಿಲ್ಲ. 316 ಸ್ಟೀಲಿನ ಗ್ಲೋಬ್ ಕಂಟ್ರೋಲ್ ವಾಲ್ವ್, ಈಕ್ವಲ್ ಪರ್ಸೆಂಟೇಜ್ ಟ್ರಿಮ್ (ಕಡಿಮೆ ತೆರೆದಾಗ ಹರಿವು ಮೆಲ್ಲಗೆ ಬದಲಾಗುವಂಥ ಒಳಭಾಗ), ಮುಗೀತು. ಡಿಏರೇಟರ್ 105 ಡಿಗ್ರಿ ಬಿಸಿ ಇರುವ ಪಾತ್ರೆ. ಅಲ್ಲಿನ ಎನ್‌ಆರ್‌ವಿ ಬಿಟ್ಟುಕೊಟ್ಟು ಬಿಸಿ ಹಿಂದಕ್ಕೆ ಬಂದರೆ ರಬ್ಬರ್ ಲೈನಿಂಗ್ ಉಳಿಯಲ್ಲ. ಆ ಲೈನಿಂಗಿಗೆ 80–85 ಡಿಗ್ರಿಯೇ ಮಿತಿ.

---

ಗಾಳಿ_ಲೈನ್_ಬೆಳಗಾವಿ

ಎಲ್ಲಾರೂ ವಾಲ್ವ್ ಬಗ್ಗೆ ಹೇಳ್ಯಾರ, ಗಾಳಿ ಬಗ್ಗೆ ನಾ ಎರಡು ಮಾತ ಹೇಳ್ತೀನಿ. ಡಿಎಂ ಪ್ಲಾಂಟಿಗೆ ಸರ್ವೀಸ್ ಏರ್ (ಒಣಗಿಸದ ಸಾಮಾನ್ಯ ಗಾಳಿ) ಕೊಟ್ಟು ಇನ್‌ಸ್ಟ್ರುಮೆಂಟ್ ಏರ್ ಅನ್ನೋ ಕಡೆ ಪೊಸಿಷನರ್ ಎಷ್ಟು ತಂದ್ರೂ ಬಾಳಿಕಿ ಬರಾಂಗಿಲ್ಲ. ಒತ್ತಡದಾಗಿನ ಡ್ಯೂ ಪಾಯಿಂಟ್ (ಗಾಳ್ಯಾಗಿನ ತೇವ ನೀರಾಗೋ ಉಷ್ಣತೆ) ನಿಮ್ಮೂರಿನ ಅತೀ ಕಡಿಮಿ ಉಷ್ಣತೆಗಿಂತ 10 ಡಿಗ್ರಿ ಕೆಳಗ ಇರಬೇಕು, ಧೂಳಿನ ಕಣ 40 ಮೈಕ್ರಾನ್ ದಾಟಬಾರದು. ಇದು ಇನ್‌ಸ್ಟ್ರುಮೆಂಟ್ ಏರ್ ಸ್ಟ್ಯಾಂಡರ್ಡಿನ ಮಾತು. ಪೊಸಿಷನರ್ ಮುಂದ 5 ಮೈಕ್ರಾನ್ ಫಿಲ್ಟರ್ ರೆಗ್ಯುಲೇಟರ್ ಹಾಕ್ರಿ. ಮಳಿಗಾಲದಾಗ ಪ್ರತಿ ಪಾಳಿ ಅದರ ಡ್ರೇನ್ ತಿರುವ್ರಿ. ಎಫ್‌ಆರ್‌ಎಲ್ ಅಂತ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಮೂರೂ ಸೇರಿದ್ದು ಹಾಕಿ ಲೂಬ್ರಿಕೇಟರಿಗೆ ಎಣ್ಣಿ ತುಂಬಬ್ಯಾಡ್ರಿ, ಪೊಸಿಷನರಿನ ಸಣ್ಣ ತೂತು ಎಣ್ಣಿಗೇ ಕಟ್ಟತಾವ.

ಹಂಗ ಆನ್-ಆಫ್ ವಾಲ್ವ್ ಧಡ್ ಅಂತ ಮುಚ್ಚಿ ಪೈಪ್ ಗುದ್ದತಿದ್ರ ಸೊಲೆನಾಯ್ಡ್ ಎಕ್ಸಾಸ್ಟಿಗೆ ಸಣ್ಣ ಫ್ಲೋ ಕಂಟ್ರೋಲ್ ಹಾಕ್ರಿ, ಮುಚ್ಚೋದು 3–4 ಸೆಕೆಂಡಿಗೆ ಬರಲಿ.

---

ಕೋಜೆನ್_ಯುಟಿಲಿಟಿ

ಎಲ್ಲರಿಗೂ ಧನ್ಯವಾದ. ನೋಡಿದ್ದನ್ನು ಹೇಳ್ತೀನಿ.

50 ಎಂಎಂ: ಮುಚ್ಚಿದ ಸ್ಥಿತಿಯಲ್ಲಿ ಟ್ಯೂಬ್ ಕಳಚಿದರೆ ಫುಸ್ಸೆಂದು ಗಾಳಿ ಬಂತು. ಗೇಜ್ ಹಾಕಿ ನೋಡಿದರೆ 0.3 ಬಾರ್ ಉಳಿದಿತ್ತು. ಸೈಲೆನ್ಸರ್ ತುಂಬ ಬಗಾಸ್ ಪುಡಿ. ತೆಗೆದ ಮೇಲೆ ಪಾಸಿಂಗ್ ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ತಯಾರಕರ ಹಾಳೆಯಲ್ಲಿ ಈ ಆಕ್ಚುಯೇಟರಿಗೆ ರಬ್ಬರಾದರೆ 6 ಬಾರ್, ಪಿಟಿಎಫ್‌ಇ ಆದರೆ 3.5 ಬಾರ್ ಅಂತಿದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಪಿಟಿಎಫ್‌ಇಯನ್ನೇ ಉಳಿಸಿಕೊಳ್ಳಬಹುದಾ? ಡಯಾಫ್ರಮ್ ಬದಲಾಯಿಸುವ ಸರಿಯಾದ ಕ್ರಮ ಯಾರಾದರೂ ಬರೆದರೆ ಉಪಕಾರ.

80 ಎಂಎಂ: ಟೈಟ್ ಷಟ್-ಆಫ್ 5% ಇತ್ತು! ತೆಗೆದು, ಕೈ ವಾಲ್ವ್ ಹಿಡಿದ ಮೇಲೆ ಹರಿವು 12ರಿಂದ 16ರೊಳಗೆ ನಿಂತಿದೆ. ಗ್ಲೋಬ್ ವಾಲ್ವಿಗೆ ಇಂಡೆಂಟ್ ಹಾಕ್ತೀವಿ. ಗಾಳಿ ಹೋದರೆ ಅದು ತೆರೆಯಬೇಕಾ ಮುಚ್ಚಬೇಕಾ?

---

ಲೂಪ್_ಟ್ಯೂನಿಂಗ್

ಗಾಳಿ ಹೋದಾಗ ಯಾವ ತೊಂದರೆ ಸಹಿಸಬಹುದು ಅಂತ ಕೇಳಿಕೊಳ್ಳಿ. ಆಸಿಡ್, ಕಾಸ್ಟಿಕ್ ವಾಲ್ವುಗಳು ಯೋಚಿಸದೆ ಮುಚ್ಚಿಕೊಳ್ಳುವಂತಿರಲಿ. ಮೇಕಪ್ ವಾಲ್ವ್ ಮುಚ್ಚಿಕೊಂಡರೆ ಡಿಏರೇಟರ್ ಖಾಲಿಯಾಗಿ ಫೀಡ್ ಪಂಪ್ ಟ್ರಿಪ್. ತೆರೆದುಕೊಂಡರೆ ನೀರು ಓವರ್‌ಫ್ಲೋಗೆ ಹೋಗುತ್ತೆ, ಡಿಎಂ ನೀರು ವ್ಯರ್ಥ, ಬಾಯ್ಲರ್ ಉಳಿಯುತ್ತೆ. ಓವರ್‌ಫ್ಲೋ ಲೈನ್ ಸರಿಯಿದ್ದರೆ ತೆರೆಯುವಂತೆಯೇ ತಗೊಳ್ಳಿ. ಇದ್ದಲ್ಲೇ ನಿಲ್ಲಬೇಕಾದರೆ ಏರ್ ಲಾಕ್ ರಿಲೇ (ಗಾಳಿ ಹೋದಾಗ ಆಕ್ಚುಯೇಟರಿನೊಳಗಿನ ಗಾಳಿ ಹಿಡಿದಿಡುವುದು) ಹಾಕಿಸಿ. ಆದರೆ ಟ್ಯೂಬಿನಲ್ಲಿ ಸಣ್ಣ ಸೋರಿಕೆ ಇದ್ದರೂ ಅದು ಬಹಳ ಹೊತ್ತು ಹಿಡಿಯಲ್ಲ. ಹಾಗೇ ಲೂಪಿನ ಇಂಟಿಗ್ರಲ್ (ವ್ಯತ್ಯಾಸ ಕೂಡಿಸುತ್ತಾ ಸರಿಪಡಿಸುವ ಸೆಟ್ಟಿಂಗ್) ಸ್ವಲ್ಪ ನಿಧಾನ ಮಾಡಿ, 12–16ರ ತೂಗಾಟವೂ ತಗ್ಗುತ್ತೆ.

---

ವಾಲ್ವ್_ಬೆಂಚ್

ಹಾಳೆಯೇ ಹೇಳಿದೆಯಲ್ಲ: 3.5 ಮಿತಿ, ನಿಮ್ಮದು 3.8. ಬ್ಯೂಟೈಲಿಗೆ ವಾಪಸ್ ಹೋಗಿ. ಗಟ್ಟಿ ಸ್ಪ್ರಿಂಗ್ ಬೇಡ. ಅದನ್ನು ತೆರೆಯಲು ಹೆಚ್ಚು ಗಾಳಿ ಬೇಕು, ಲೈನಿನ ಗಾಳಿ 4 ಬಾರಿಗೆ ಇಳಿದ ದಿನ ವಾಲ್ವ್ ಅರ್ಧಕ್ಕೇ ನಿಲ್ಲುತ್ತೆ. ಒತ್ತುಬಿಲ್ಲೆಯೂ ವೀರ್ ಲೈನಿಂಗೂ ಹೆಚ್ಚು ಪೆಟ್ಟು ತಿನ್ನುತ್ತವೆ.

ಕ್ರಮ ಹೀಗೆ. ವೆಸಲ್ ಐಸೊಲೇಟ್ ಮಾಡಿ, ಒತ್ತಡ ಬಿಟ್ಟು, ಲೈನ್ ನೀರಿನಿಂದ ತೊಳೆದು ಡ್ರೇನ್ ಮಾಡಿ. ಮುಖಕ್ಕೆ ಶೀಲ್ಡ್, ಕೈಗೆ ಆಸಿಡ್ ಗ್ಲೋವ್ಸ್. ವೀರಿನ ಎರಡೂ ಬದಿ ಒಂದು ಲೋಟ ಆಸಿಡ್ ನಿಂತೇ ಇರುತ್ತೆ. ನಿಮ್ಮದು ಸ್ಪ್ರಿಂಗ್ ಮುಚ್ಚುವ ವಾಲ್ವ್, ಹಾಗಾಗಿ ರೆಗ್ಯುಲೇಟರ್ ಮೂಲಕ ಕೈಯಿಂದ ಗಾಳಿ ಕೊಟ್ಟು ವಾಲ್ವನ್ನು ತೆರೆದಿಟ್ಟುಕೊಂಡೇ ಬಾನೆಟ್ ಬೋಲ್ಟ್ ಸಡಿಲಿಸಿ. ಗಾಳಿಯಿಲ್ಲದೆ ಬಿಚ್ಚಿದರೆ ಸ್ಪ್ರಿಂಗ್ ಇಡೀ ಆಕ್ಚುಯೇಟರನ್ನು ಮೇಲಕ್ಕೆ ಒದೆಯುತ್ತೆ. ಆಕ್ಚುಯೇಟರಿನ ಬಟ್ಟಲಿನ ಬೋಲ್ಟ್ ಮಾತ್ರ ಮುಟ್ಟಲೇಬೇಡಿ, ಒಳಗೆ ಅದುಮಿಟ್ಟ ಸ್ಪ್ರಿಂಗ್ ಇದೆ.

ಆಕ್ಚುಯೇಟರ್ ಎತ್ತಿ, ಡಯಾಫ್ರಮ್ ತಿರುಗಿಸಿ ಬಿಚ್ಚಿ. ಬ್ಯೂಟೈಲಿಗೆ ಸೇರಿದ ಹಳೆಯ ಬಿಲ್ಲೆಯನ್ನೇ ಹಾಕಿ. ಹೊಸದನ್ನು ಕೈಯಿಂದ ಗಟ್ಟಿಯಾಗುವವರೆಗೆ ತಿರುಗಿಸಿ, ಆಮೇಲೆ ಬೋಲ್ಟ್ ತೂತುಗಳು ಹೊಂದುವಷ್ಟು ಮಾತ್ರ ಹಿಂದಕ್ಕೆ ತಿರುಗಿಸಿ, ಅರ್ಧ ಸುತ್ತು ಮೀರಬಾರದು. ಪೂರ್ತಿ ಬಿಗಿಯಾಗಿಯೇ ಉಳಿಸಿದರೆ ಸ್ಟಡ್ ಸುತ್ತ ರಬ್ಬರ್ ಜಗ್ಗಿ ನಡುವೆ ಗುಳಿ ಬಿದ್ದು ಅಲ್ಲೇ ಪಾಸಿಂಗ್. ಡಯಾಫ್ರಮಿನ ಮುಖದ ಏಣು ವೀರಿನ ಉದ್ದಕ್ಕೆ ಸರಿಯಾಗಿ ಬರಬೇಕು. ಅಂಚಿಗೆ ಗ್ರೀಸ್, ಗ್ಯಾಸ್ಕೆಟ್ ಪೇಸ್ಟ್ ಏನೂ ಬೇಡ.

ಗಾಳಿ ಇನ್ನೂ ಇರುವಾಗಲೇ ಆಕ್ಚುಯೇಟರ್ ಕೂರಿಸಿ, ನಾಲ್ಕು ಬೋಲ್ಟ್ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಟಾರ್ಕ್ ಹಾಳೆಯಲ್ಲಿರುತ್ತೆ, ಹಾಳೆ ಇಲ್ಲದ ಕಡೆ ಡಯಾಫ್ರಮಿನ ಹೊರ ಅಂಚು ಸುತ್ತಲೂ ಒಂದೇ ಸಮ ತುಸು ಉಬ್ಬಿದರೆ ಸಾಕು. ನಂತರ ಗಾಳಿ ಬಿಟ್ಟು ಕೊಟ್ಟು ಐದಾರು ಸಲ ಆಡಿಸಿ, ವಾಲ್ವ್ ತೆರೆದಿಟ್ಟು ಮತ್ತೊಮ್ಮೆ ಬೋಲ್ಟ್ ನೋಡಿ. ಮೊದಲು ನೀರಿನಿಂದ 3.8 ಬಾರ್ ಹಾಕಿ ಇಜೆಕ್ಟರ್ ಬದಿಯ ಫ್ಲ್ಯಾಂಜ್ ಸಡಿಲಿಸಿ ಹನಿ ಬರುತ್ತಾ ನೋಡಿ, ಆಮೇಲೆ ಆಸಿಡ್. ಮಾರನೇ ದಿನ ಬೋಲ್ಟ್ ಇನ್ನೊಮ್ಮೆ.

ಸಕ್ಷನ್ ಎನ್‌ಆರ್‌ವಿಯನ್ನು ಇದೇ ಷಟ್‌ಡೌನಿನಲ್ಲಿ ಬಿಚ್ಚಿ ಚೆಂಡು, ಸೀಟ್ ಸ್ವಚ್ಛ ಮಾಡಿ. ಸೊಲೆನಾಯ್ಡ್ ಎಕ್ಸಾಸ್ಟಿಗೆ ಹೊಸ ಸೈಲೆನ್ಸರ್ ಹಾಕುವಾಗ ಬಾಯಿ ಕೆಳಮುಖ ಮಾಡಿ, ಕ್ರಷಿಂಗ್ ಸೀಸನ್ನಿನಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಊದಿ.